ಚಾರ್ಜು ಸಂಜೆಗೇ ಮುಗಿಯುತ್ತಿದೆಯೇ? ಮೊದಲು ಸಿಗ್ನಲ್ ನೋಡಿ

ಫೋನಿನಲ್ಲಿ ಚಾರ್ಜು ನಿಲ್ಲುತ್ತಿಲ್ಲ ಅಂದರೆ ಸಿಗುವ ಸಲಹೆಗಳು ಎಲ್ಲರಿಗೂ ಬಾಯಿಪಾಠ. ಬ್ಲೂಟೂತ್ ಆಫ್ ಮಾಡಿ, ವೈಬ್ರೇಶನ್ ತೆಗೆಯಿರಿ, ಲೊಕೇಶನ್ ಮುಚ್ಚಿ, ಬಳಸಿ ಬಿಟ್ಟ ಆ್ಯಪ್‌ಗಳನ್ನೆಲ್ಲ ಆಗಾಗ ಮೇಲಕ್ಕೆ ತಳ್ಳಿ ಮುಚ್ಚಿ. ಇಷ್ಟನ್ನೂ ಚಾಚೂ ತಪ್ಪದೆ ಮಾಡುವವರ ಫೋನು ಕೂಡ ಮಧ್ಯಾಹ್ನ ಮೂರಕ್ಕೆ ಶೇ. 20ಕ್ಕೆ ಇಳಿದಿರುತ್ತದೆ. ಯಾಕೆಂದರೆ ಇವುಗಳಲ್ಲಿ ಒಂದೂ ದೊಡ್ಡ ಖರ್ಚಲ್ಲ. ಗೇಮ್ ಆಡದ, ದಿನವಿಡೀ ವಿಡಿಯೊ ತೆಗೆಯದ ಸಾಮಾನ್ಯ ಬಳಕೆಯಲ್ಲಿ ಬ್ಯಾಟರಿ ಖಾಲಿಯಾಗುವುದು ಮುಖ್ಯವಾಗಿ ಎರಡು ಕಡೆಯಿಂದ: ಒಂದು ಪರದೆಯ ಬೆಳಕು, ಇನ್ನೊಂದು ಟವರಿನ ಜೊತೆ ಫೋನು ನಡೆಸುವ ಮಾತುಕತೆ. ಪರದೆಯ ವಿಷಯ ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ. ಮಲೆನಾಡು, ಕರಾವಳಿಯ ಒಳಭಾಗಗಳಲ್ಲಿ ಇರುವವರಿಗೆ ಎಷ್ಟೋ ಸಲ ಅದೇ ದೊಡ್ಡ ಸೋರಿಕೆ. ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ಮೊದಲು ಲೆಕ್ಕ

ಈಗ ಮಾರಾಟದಲ್ಲಿರುವ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ 5000 ಎಂಎಎಚ್ (ಮಿಲಿಆಂಪಿಯರ್-ಅವರ್) ಆಸುಪಾಸಿನ, ಅಂದರೆ 5 ಆಂಪಿಯರ್-ಅವರ್‌ನ ಬ್ಯಾಟರಿ ಇರುತ್ತದೆ. ಲಿಥಿಯಂ ಸೆಲ್‌ನ ಸರಾಸರಿ ವೋಲ್ಟೇಜು ಸುಮಾರು 3.85. 5ನ್ನು 3.85ರಿಂದ ಗುಣಿಸಿದರೆ 19.25 ವ್ಯಾಟ್-ಅವರ್. ಫೋನಿನ ಇಡೀ ದಿನದ ಬಂಡವಾಳ ಇಷ್ಟೇ. ಫೋನು 1 ವ್ಯಾಟ್ ಎಳೆಯುತ್ತಿದ್ದರೆ 19 ಗಂಟೆ, 2 ವ್ಯಾಟ್ ಎಳೆದರೆ ಒಂಬತ್ತೂವರೆ ಗಂಟೆ, ಭಾರೀ ಗೇಮ್ ಆಡುತ್ತ 4 ವ್ಯಾಟ್ ಎಳೆದರೆ ಐದು ಗಂಟೆಗೂ ಕಡಿಮೆ.

ಇದನ್ನೇ ತಿರುಗಿಸಿ ನೋಡಿದರೆ ಒಂದು ಒಳ್ಳೆಯ ಅಳತೆಗೋಲು ಸಿಗುತ್ತದೆ. ಶೇ. 1 ಅಂದರೆ 0.19 ವ್ಯಾಟ್-ಅವರ್. ಗಂಟೆಗೆ ಶೇ. 5 ಇಳಿಯುತ್ತಿದ್ದರೆ ಸುಮಾರು 1 ವ್ಯಾಟ್ ಖರ್ಚು, ಶೇ. 10 ಇಳಿದರೆ ಸುಮಾರು 2 ವ್ಯಾಟ್. ಪರದೆ ಹೊತ್ತಿಸಿಕೊಂಡು ಓದುವಾಗ ಗಂಟೆಗೆ ಶೇ. 5ರಿಂದ 7 ಹೋಗುವುದು ಸಹಜ. ಪರದೆ ಆರಿಸಿ ಜೇಬಿನಲ್ಲಿಟ್ಟ ಫೋನು ಗಂಟೆಗೆ ಶೇ. 3 ತಿನ್ನುತ್ತಿದ್ದರೆ ಮಾತ್ರ ಎಲ್ಲೋ ಏನೋ ಕೆಟ್ಟಿದೆ.

ಅದನ್ನು ಪತ್ತೆ ಮಾಡಲು ಯಾವ ಆ್ಯಪ್ ಕೂಡ ಬೇಡ, ಎರಡು ರಾತ್ರಿ ಸಾಕು. ಮೊದಲ ರಾತ್ರಿ ಮಲಗುವ ಮುಂಚೆ ಫೋನನ್ನು ಚಾರ್ಜರಿನಿಂದ ಬಿಡಿಸಿ, ಪ್ರತಿಶತ ಎಷ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ವೈಫೈ, ಮೊಬೈಲ್ ಡೇಟಾ ಎಂದಿನಂತೆಯೇ ಇರಲಿ. ಬೆಳಗ್ಗೆ ಎದ್ದು ಮತ್ತೆ ನೋಡಿ. ಏಳು ಗಂಟೆಯಲ್ಲಿ ಶೇ. 3ರಿಂದ 5 ಇಳಿದಿದ್ದರೆ ಚಿಂತೆಯಿಲ್ಲ. ಶೇ. 10 ದಾಟಿದ್ದರೆ ಎರಡನೇ ರಾತ್ರಿ ಅದೇ ಕೆಲಸವನ್ನು ಏರ್‌ಪ್ಲೇನ್ ಮೋಡ್ ಹಾಕಿ ಮಾಡಿ. (ರಾತ್ರಿ ತುರ್ತು ಕರೆ ಬರಬಹುದಾದ ಮನೆಯಾದರೆ ಈ ಪರೀಕ್ಷೆಯನ್ನು ಹಗಲು ಹೊತ್ತಿನಲ್ಲಿ ನಾಲ್ಕು ಗಂಟೆ ಮಾಡಿದರೂ ಆದೀತು.) ಏರ್‌ಪ್ಲೇನ್ ಮೋಡ್‌ನಲ್ಲಿ ಇಳಿತ ಶೇ. 1-2ಕ್ಕೆ ಬಂದರೆ ಕಾರಣ ನೆಟ್‌ವರ್ಕ್, ಇಲ್ಲವೇ ನೆಟ್‌ವರ್ಕನ್ನು ಬಿಡದೆ ಎಬ್ಬಿಸುತ್ತಿರುವ ಯಾವುದೋ ಆ್ಯಪ್. ಅಲ್ಲೂ ಶೇ. 8-10 ಹೋಯಿತೆಂದರೆ ಕಾರಣ ಫೋನಿನ ಒಳಗೇ ಇದೆ: ನಿದ್ದೆಗೆ ಬಿಡದ ಆ್ಯಪ್, ಅಥವಾ ಮುಪ್ಪಾದ ಬ್ಯಾಟರಿ. ಈ ಪರೀಕ್ಷೆ ಮಾಡದೆ ಸೆಟ್ಟಿಂಗ್ಸ್ ಬದಲಿಸುತ್ತ ಕೂರುವುದು ಜ್ವರ ನೋಡದೆ ಔಷಧಿ ಕೊಟ್ಟ ಹಾಗೆ.

ಹೊಸ ಸಿಸ್ಟಮ್ ಅಪ್‌ಡೇಟ್ ಬಂದ ಮೊದಲ ಎರಡು ಮೂರು ದಿನ ಈ ಪರೀಕ್ಷೆ ಬೇಡ. ಆಗ ಫೋನು ಆ್ಯಪ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳುವುದು, ಫೋಟೊಗಳನ್ನು ವಿಂಗಡಿಸುವುದು ಎಲ್ಲ ಮಾಡುತ್ತ ಹೆಚ್ಚೇ ಖರ್ಚು ಮಾಡುತ್ತದೆ. ತಾನಾಗಿ ಸರಿಹೋಗುತ್ತದೆ.

ಸಿಗ್ನಲ್ ಕಡಿಮೆಯಾದಷ್ಟೂ ಫೋನು ಕೂಗಬೇಕು

ಮೊಬೈಲ್ ಫೋನು ಬರೀ ಕೇಳುವ ರೇಡಿಯೊ ಅಲ್ಲ, ಅದು ಟವರಿಗೆ ಉತ್ತರವನ್ನೂ ಕೊಡಬೇಕು. ಟವರು ಹತ್ತಿರದಲ್ಲಿದ್ದರೆ ಪಿಸುಮಾತು ಸಾಕು, ಒಂದು ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯಲ್ಲೂ ಕೆಲಸ ನಡೆಯುತ್ತದೆ. ಗುಡ್ಡದಾಚೆಯ ಟವರಿಗೆ ಕೇಳಿಸಬೇಕಾದರೆ ಫೋನು ಕೂಗಬೇಕಾಗುತ್ತದೆ. ಸಾಮಾನ್ಯ 4ಜಿ ಫೋನಿಗೆ ಇರುವ ಗರಿಷ್ಠ ಮಿತಿ 23 ಡಿಬಿಎಂ (ರೇಡಿಯೊ ಶಕ್ತಿಯ ಅಳತೆ), ಅಂದರೆ 200 ಮಿಲಿವ್ಯಾಟ್. ಇದು ಗಾಳಿಗೆ ಹೋಗುವ ಲೆಕ್ಕ. ಅಷ್ಟನ್ನು ಹೊರಗೆ ಕಳಿಸಲು ಒಳಗಿನ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸಿಗ್ನಲ್ ದುರ್ಬಲವಾದ ಕಡೆ ಫೋನು ಸುಮ್ಮನೆ ಜೇಬಿನಲ್ಲಿದ್ದರೂ ಬಿಸಿಯಾಗುವುದು ಇದರಿಂದಲೇ.

ಇದರ ಜೊತೆಗೆ ಇನ್ನೆರಡು ನಷ್ಟಗಳಿವೆ. ಸಿಗ್ನಲ್ ಕೆಟ್ಟಿದ್ದಾಗ ವೇಗ ಬೀಳುತ್ತದೆ, ಎರಡು ಸೆಕೆಂಡಿನಲ್ಲಿ ಹೋಗಬೇಕಾದ ಫೋಟೊ ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ರೇಡಿಯೊ ಪೂರ್ತಿ ಎಚ್ಚರ. ಇನ್ನು ಸಿಗ್ನಲ್ ಸಂಪೂರ್ಣ ಹೋದರೆ ಫೋನು ಸುಮ್ಮನಾಗುವುದಿಲ್ಲ. ತನಗೆ ಗೊತ್ತಿರುವ ತರಂಗಪಟ್ಟಿಗಳನ್ನೆಲ್ಲ ಒಂದೊಂದಾಗಿ ತಡಕಾಡುತ್ತದೆ, ಸಿಗದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಮೊದಲಿನಿಂದ. ಎರಡು ಸಿಮ್ ಇದ್ದರೆ ಎರಡಕ್ಕೂ ಈ ಹುಡುಕಾಟ.

ಪರದೆಯ ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನುವುದು ಒಂದೊಂದು ಕಂಪನಿಯದು ಒಂದೊಂದು ರೀತಿ. ನಿಜವಾದ ಅಂಕಿ ಸೆಟ್ಟಿಂಗ್ಸ್ ಒಳಗೆ ಇದೆ: ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್, ಅದರಲ್ಲಿ ಸಿಗ್ನಲ್ ಸ್ಟ್ರೆಂತ್. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೂ ತೆರೆದುಕೊಳ್ಳುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಮಾಡಬೇಕು. ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -80, -90 ಇದ್ದರೆ ಸೊಗಸು. -100 ಪರವಾಗಿಲ್ಲ. -110ಕ್ಕೆ ಬಂತೆಂದರೆ ಬ್ಯಾಟರಿ ಸೋರಲು ಶುರು. -120 ಅಂದರೆ ಕರೆ ಯಾವಾಗ ಬೇಕಾದರೂ ಕಡಿಯಬಹುದು. ಹತ್ತು ಅಂಕಿಗೆ ಹತ್ತು ಪಟ್ಟು ವ್ಯತ್ಯಾಸ ಅನ್ನುವುದು ನೆನಪಿರಲಿ: -90 ಇರುವ ಜಗಲಿಗೂ -110 ಇರುವ ಒಳಕೋಣೆಗೂ ನೂರು ಪಟ್ಟು ಅಂತರ.

ಈ ಅಂಕಿ ಹಿಡಿದುಕೊಂಡು ಮನೆಯಲ್ಲಿ ಒಂದು ಸುತ್ತು ಹಾಕಿ. ದಪ್ಪ ಜಂಬಿಟ್ಟಿಗೆ ಗೋಡೆ, ತಗಡಿನ ಮಾಡು, ಕಬ್ಬಿಣದ ಕಪಾಟು, ಆರ್‌ಸಿಸಿ ಕಟ್ಟಡದ ತಳಮಹಡಿ, ಇವೆಲ್ಲ ಸಿಗ್ನಲ್ ನುಂಗುತ್ತವೆ. ಕಿಟಕಿಯ ದಂಡೆಗೂ ಕೋಣೆಯ ಮೂಲೆಗೂ 15-20 ಅಂಕಿ ವ್ಯತ್ಯಾಸ ಬರುವುದುಂಟು. ಒಳ್ಳೆಯ ಅಂಕಿ ಸಿಕ್ಕ ಜಾಗದಲ್ಲೇ ರಾತ್ರಿ ಫೋನು ಇಡುವ ಅಭ್ಯಾಸ ಮಾಡಿಕೊಂಡರೆ ಅಷ್ಟರಿಂದಲೇ ರಾತ್ರಿಯ ಇಳಿತ ಅರ್ಧಕ್ಕೆ ಬರಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾವ ಸೌಲಭ್ಯವನ್ನೂ ಕಳೆದುಕೊಳ್ಳಬೇಕಿಲ್ಲ.

ಮನೆಗೆ ಫೈಬರ್ ಬಂದಿದೆ, ಆದರೆ ಮೊಬೈಲ್ ಸಿಗ್ನಲ್ ಇಲ್ಲ ಅನ್ನುವ ಸ್ಥಿತಿ ತೋಟದ ಮನೆಗಳಲ್ಲಿ ಈಗ ಸಾಮಾನ್ಯ. ಅಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ, ವೈಫೈ ಕಾಲಿಂಗ್. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಶುರು ಮಾಡಿದವು. ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೋಗುತ್ತದೆ; ಟವರಿನ ಬದಲು ಮನೆಯ ವೈಫೈ ಮೂಲಕ. ಮಾಡುವ ಕ್ರಮ ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ವೋಲ್ಟಿ (VoLTE, 4ಜಿ ಮೂಲಕ ಕರೆ) ಮತ್ತು ವೈಫೈ ಕಾಲಿಂಗ್ ಎರಡನ್ನೂ ಆನ್ ಮಾಡಿ. ಆದ್ಯತೆ ಕೇಳಿದರೆ ವೈಫೈ ಆರಿಸಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ಅದು ವೈಫೈಯನ್ನೂ ಆರಿಸಿಬಿಟ್ಟರೆ ಕೈಯಾರೆ ಮತ್ತೆ ಆನ್ ಮಾಡಿ. ಒಂದು ನಿಮಿಷದೊಳಗೆ ಮೇಲ್ಪಟ್ಟಿಯಲ್ಲಿ ವೈಫೈ ಕಾಲಿಂಗ್ ಗುರುತು ಬರಬೇಕು. ಈಗ ಟವರ್ ಹುಡುಕಾಟ ಪೂರ್ತಿ ನಿಂತಿದೆ, ಕರೆಗಳು ಮಾತ್ರ ಬರುತ್ತಿವೆ. ಬ್ಯಾಟರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಎರಡು ಎಚ್ಚರಿಕೆ ಬೇಕು. ಬ್ಯಾಂಕಿನ ಒಟಿಪಿ ಈ ಸ್ಥಿತಿಯಲ್ಲಿ ಬರುತ್ತದೆಯೋ ಅಂತ ಮೊದಲೇ ಒಮ್ಮೆ ಪರೀಕ್ಷಿಸಿ, ಅದು ಫೋನಿನ ಮಾದರಿ ಮತ್ತು ಸಿಮ್ ಕಂಪನಿಯ ಮೇಲೆ ಹೋಗುತ್ತದೆ. ಇನ್ನೊಂದು, ಕರೆಂಟು ಹೋದರೆ ರೂಟರ್ ಆರುತ್ತದೆ, ಆಗ ಏರ್‌ಪ್ಲೇನ್ ಮೋಡ್‌ನಲ್ಲಿರುವ ಫೋನಿಗೆ ಯಾವ ಕರೆಯೂ ಬರುವುದಿಲ್ಲ. ರೂಟರಿಗೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಒಂದನ್ನು ಹಾಕಿಬಿಟ್ಟರೆ ಈ ತೊಂದರೆ ಇಲ್ಲ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜು ನೋಡಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಕೆಲವು 9 ಅಥವಾ 5.

ಮಳೆಗಾಲದಲ್ಲಿ ಕರೆಂಟು ಒಂದು ದಿನ ಪೂರ್ತಿ ಹೋಯಿತೆಂದರೆ ಇನ್ನೊಂದು ಕಥೆ. ಟವರಿಗೂ ಬ್ಯಾಟರಿ ಇರುವುದು ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಡೀಸೆಲ್ ತಲುಪದಿದ್ದರೆ ಅದೂ ಮಲಗುತ್ತದೆ. ಫೋನಿನ ಚಾರ್ಜನ್ನು ಜೋಪಾನ ಮಾಡಬೇಕಾದ ಹೊತ್ತಿನಲ್ಲೇ ಅದು ಇಲ್ಲದ ಟವರನ್ನು ಹುಡುಕುತ್ತ ಬ್ಯಾಟರಿ ಮುಗಿಸುತ್ತಿರುತ್ತದೆ. ಮನೆಯಲ್ಲಿ ಯಾರ ಫೋನಿಗೂ ಸಿಗ್ನಲ್ ಇಲ್ಲ ಅಂತ ಖಾತ್ರಿಯಾದರೆ ಏರ್‌ಪ್ಲೇನ್ ಮೋಡ್ ಹಾಕಿ, ಗಂಟೆಗೊಮ್ಮೆ ಎರಡು ನಿಮಿಷ ತೆಗೆದು ನೋಡಿ. ಮನೆಯಲ್ಲಿ ನಾಲ್ಕು ಫೋನಿದ್ದರೆ ಒಂದನ್ನು ಆನ್ ಇಟ್ಟು ಉಳಿದ ಮೂರನ್ನು ಪೂರ್ತಿ ಸ್ವಿಚ್ ಆಫ್ ಮಾಡಿಡುವುದು ಇನ್ನೂ ಜಾಣತನ.

ಪ್ರಯಾಣದಲ್ಲೂ ಇದೇ ಸೂತ್ರ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಬಸ್ಸಿನ ತಿರುವು ತಿರುವಿಗೂ ಫೋನು ಟವರು ಬಿಟ್ಟು ಟವರು ಹಿಡಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರ್ ರೈಲು ಹಾದಿಯಲ್ಲಿ 57 ಸುರಂಗಗಳಿವೆ, ಸುರಂಗದಿಂದ ಹೊರಬಂದಲ್ಲೂ ಕಾಡು. ಈ ಹಾದಿಯಲ್ಲಿ ಪರದೆ ಮುಟ್ಟದಿದ್ದರೂ ಬ್ಯಾಟರಿ ಇಳಿಯುವುದು ಕಾಣುತ್ತದೆ. ಘಾಟಿ ಹತ್ತುವ ಮುಂಚೆ ಮನೆಗೊಂದು ಮೆಸೇಜು ಹಾಕಿ ಏರ್‌ಪ್ಲೇನ್ ಮೋಡ್‌ಗೆ ಹೋಗಿಬಿಡಿ. ನಕ್ಷೆ ಬೇಕಿದ್ದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಭಾಗವನ್ನು ಹಿಂದಿನ ದಿನವೇ ಆಫ್‌ಲೈನ್ ಆಗಿ ಇಳಿಸಿಟ್ಟುಕೊಳ್ಳಿ. ಜಿಪಿಎಸ್ ಏರ್‌ಪ್ಲೇನ್ ಮೋಡ್‌ನಲ್ಲೂ ಕೆಲಸ ಮಾಡುತ್ತದೆ, ಅದು ಉಪಗ್ರಹದ ಸಂಕೇತವನ್ನು ಬರೀ ಕೇಳುತ್ತದೆ, ಏನನ್ನೂ ಕಳಿಸುವುದಿಲ್ಲ.

ಎರಡನೇ ಸಿಮ್ ಬಗ್ಗೆ. ಬ್ಯಾಂಕಿಗೋ ಆಧಾರ್‌ಗೋ ಕೊಟ್ಟ ಹಳೆಯ ನಂಬರು ಅಂತ ಎಷ್ಟೋ ಜನ ಅದನ್ನು ಇಟ್ಟುಕೊಂಡಿರುತ್ತಾರೆ. ಎರಡಕ್ಕೂ ಸಿಗ್ನಲ್ ಚೆನ್ನಾಗಿದ್ದರೆ ಎರಡನೆಯದರ ಖರ್ಚು ಅಲ್ಪ. ಆದರೆ ಆ ಕಂಪನಿಯ ಟವರು ನಿಮ್ಮೂರಲ್ಲಿ ಇಲ್ಲ ಅಂದರೆ ಅದೊಂದೇ ಸಿಮ್ಮು ರಾತ್ರಿಯಿಡೀ ತಡಕಾಡುತ್ತದೆ. ಸಿಮ್ ಹೊರತೆಗೆಯಬೇಕಾಗಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ ಆಫ್ ಮಾಡುವ ಗುಂಡಿ ಇದೆ. ಒಟಿಪಿ ಬೇಕಾದಾಗ ಆನ್ ಮಾಡಿಕೊಂಡರಾಯಿತು.

5ಜಿ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ಸೇವೆ ಶುರುವಾದಾಗ ಏರ್‌ಟೆಲ್ ಆರಿಸಿಕೊಂಡದ್ದು 4ಜಿಯ ಆಸರೆಯಲ್ಲಿ ನಡೆಯುವ 5ಜಿ. ಅದರಲ್ಲಿ ಫೋನು ಎರಡೂ ಜಾಲಗಳ ಜೊತೆ ಏಕಕಾಲಕ್ಕೆ ಸಂಪರ್ಕ ಇಟ್ಟುಕೊಳ್ಳಬೇಕು. ಜಿಯೊ ತಂದದ್ದು 4ಜಿಯ ಹಂಗಿಲ್ಲದ 5ಜಿ. ಯಾವುದೇ ಆಗಲಿ, 5ಜಿ ಸಿಗ್ನಲ್ ಗಟ್ಟಿಯಾಗಿರುವ ಜಾಗದಲ್ಲಿ ದೊಡ್ಡ ಫೈಲು ಇಳಿಸುವವರಿಗೆ ನಷ್ಟವಿಲ್ಲ, ಕೆಲಸ ಬೇಗ ಮುಗಿದು ರೇಡಿಯೊ ಬೇಗ ಮಲಗುತ್ತದೆ. ನಷ್ಟವಾಗುವುದು 5ಜಿಯ ಅಂಚಿನಲ್ಲಿ, ಗುರುತು ನಿಮಿಷಕ್ಕೊಮ್ಮೆ 4ಜಿ, 5ಜಿ ಅಂತ ಬದಲಾಗುವ ಕಡೆ. ಅಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಟೈಪ್‌ಗೆ ಹೋಗಿ ಎಲ್‌ಟಿಇ ಅಥವಾ 4ಜಿ ಆರಿಸಿ. ವಾಟ್ಸ್ಆ್ಯಪ್, ಯುಪಿಐ, ಸುದ್ದಿ ಓದುವುದಕ್ಕೆ 4ಜಿ ಧಾರಾಳ ಸಾಕು. ಐಫೋನಿನಲ್ಲಿ 5ಜಿ ಆಟೊ ಅಂತ ಇದೆ, ಅಗತ್ಯ ಬಿದ್ದಾಗ ಮಾತ್ರ 5ಜಿಗೆ ಹೋಗುತ್ತದೆ, ಅದನ್ನೇ ಇಡಿ.

ಮನೆಯಲ್ಲಿ, ಆಫೀಸಿನಲ್ಲಿ ವೈಫೈ ಇದ್ದರೆ ಮೊಬೈಲ್ ಡೇಟಾ ಬದಲು ಅದನ್ನೇ ಬಳಸಿ. ಹತ್ತು ಅಡಿ ದೂರದ ರೂಟರಿಗೆ ಮಾತಾಡಲು ಬೇಕಾದ ಶಕ್ತಿ ಬಹಳ ಕಡಿಮೆ. ಫೋನನ್ನೇ ಹಾಟ್‌ಸ್ಪಾಟ್ ಮಾಡಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುವುದು ಮಾತ್ರ ಎರಡೂ ರೇಡಿಯೊಗಳನ್ನು ಒಟ್ಟಿಗೆ ದುಡಿಸಿದಂತೆ. ಅದರ ಬದಲು ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಮಾಡಿದರೆ ಇಂಟರ್ನೆಟ್ಟೂ ಹೋಗುತ್ತದೆ, ಲ್ಯಾಪ್‌ಟಾಪಿನಿಂದ ಚಾರ್ಜೂ ಬರುತ್ತದೆ.

ಪರದೆ

ಮೊದಲು ನಿಮ್ಮ ಪರದೆ ಯಾವ ಜಾತಿ ತಿಳಿದುಕೊಳ್ಳಿ. ರಾತ್ರಿ ದೀಪ ಆರಿಸಿ, ಪೂರ್ತಿ ಕಪ್ಪಾದ ಒಂದು ಚಿತ್ರವನ್ನು ತೆರೆಯಿರಿ. ಫೋನು ಆಫ್ ಆದಂತೆ ಕತ್ತಲೆಯಾದರೆ ಅದು ಅಮೋಲೆಡ್. ಬೂದು ಬೆಳಕು ಹೊರಗೆ ಬರುತ್ತಿದ್ದರೆ ಎಲ್‌ಸಿಡಿ. ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ, ಮುಂದೆ ಬಿಳಿ ಇರಲಿ ಕಪ್ಪಿರಲಿ ಖರ್ಚು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಡಾರ್ಕ್ ಮೋಡ್ ಕಣ್ಣಿಗೆ ಹಿತವಾದೀತು, ಬ್ಯಾಟರಿಗೆ ಪ್ರಯೋಜನವಿಲ್ಲ. ಅಮೋಲೆಡ್‌ನಲ್ಲಿ ಒಂದೊಂದು ಚುಕ್ಕಿಯೂ ತಾನೇ ದೀಪ, ಕಪ್ಪು ಚುಕ್ಕಿ ಅಂದರೆ ಆರಿದ ದೀಪ.

ಹಾಗಾದರೆ ಅಮೋಲೆಡ್‌ನಲ್ಲಿ ಡಾರ್ಕ್ ಮೋಡ್ ಎಷ್ಟು ಉಳಿಸುತ್ತದೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಇದನ್ನು ಅಳೆದು ನೋಡಿದರು. ಬ್ರೈಟ್‌ನೆಸ್ ಶೇ. 100 ಇದ್ದಾಗ ಸರಾಸರಿ ಶೇ. 39ರಿಂದ 47ರಷ್ಟು ಉಳಿತಾಯ. ಆದರೆ ಹೆಚ್ಚಿನವರು ಒಳಗೆ ಕೂತು ಬಳಸುವ ಶೇ. 30-50 ಬ್ರೈಟ್‌ನೆಸ್‌ನಲ್ಲಿ ಉಳಿತಾಯ ಬರೀ ಶೇ. 3ರಿಂದ 9. ಅಂದರೆ ಡಾರ್ಕ್ ಮೋಡ್ ಹೆಚ್ಚು ದುಡಿಯುವುದು ಬಿಸಿಲಿನಲ್ಲಿ ಪರದೆಯನ್ನು ಜೋರಾಗಿ ಉರಿಸುವವರಿಗೆ: ಡೆಲಿವರಿ ಮಾಡುವವರು, ಹೊಲ-ಸೈಟುಗಳಲ್ಲಿ ಓಡಾಡುವವರು, ಬೈಕಿಗೆ ಫೋನು ಸಿಕ್ಕಿಸಿಕೊಂಡು ನಕ್ಷೆ ನೋಡುವವರು. ಕೋಣೆಯಲ್ಲಿ ಕೂತವರಿಗೆ ಬ್ರೈಟ್‌ನೆಸ್ ಇಳಿಸುವುದೇ ದೊಡ್ಡ ಲಾಭ.

ಆಟೊ ಬ್ರೈಟ್‌ನೆಸ್ ಆನ್ ಇಡಿ. ಅದನ್ನು ಆಫ್ ಮಾಡಿದವರು ಮಧ್ಯಾಹ್ನ ಹೊರಗೆ ಹೋದಾಗ ಪೂರ್ತಿ ಏರಿಸುತ್ತಾರೆ, ಒಳಗೆ ಬಂದ ಮೇಲೆ ಇಳಿಸಲು ಮರೆಯುತ್ತಾರೆ. ಮೊದಮೊದಲು ಅದು ತಪ್ಪು ಮಟ್ಟಕ್ಕೆ ಹೋಗುತ್ತಿದ್ದರೆ ಆಫ್ ಮಾಡಬೇಡಿ, ಅದು ಆನ್ ಇರುವಾಗಲೇ ನಿಮಗೆ ಬೇಕಾದಲ್ಲಿಗೆ ಸರಿಸಿ. ಈಚಿನ ಆಂಡ್ರಾಯ್ಡ್‌ಗಳು ಕೆಲವು ದಿನಗಳಲ್ಲಿ ನಿಮ್ಮ ರೂಢಿ ಕಲಿಯುತ್ತವೆ. ಪರದೆ ತಾನಾಗಿ ಆರುವ ಸಮಯ 30 ಸೆಕೆಂಡ್ ಇರಲಿ. ಎರಡು ನಿಮಿಷ ಇಟ್ಟವರು ದಿನಕ್ಕೆ ಐವತ್ತು ಸಲ ಫೋನು ತೆಗೆದರೆ, ಪ್ರತಿ ಸಲವೂ ಆರಿಸದೆ ಹಾಗೆಯೇ ಇಟ್ಟರೆ, ಒಂದೂಕಾಲು ಗಂಟೆ ಪರದೆ ಬರೀ ಹೆಚ್ಚುವರಿಯಾಗಿ ಉರಿದಿರುತ್ತದೆ.

120 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಹೊಸದಾಗುವ ಪರದೆಯಲ್ಲಿ, ಎರಡು ಬಗೆ. ದುಬಾರಿ ಫೋನುಗಳ ಎಲ್‌ಟಿಪಿಒ ಪರದೆ ಚಿತ್ರ ಅಲುಗಾಡದೆ ಇದ್ದಾಗ ತಾನೇ ಕೆಳಗಿಳಿಯುತ್ತದೆ, ಕೆಲವು 1 ಹರ್ಟ್ಸ್‌ವರೆಗೂ. ಅಂಥದ್ದನ್ನು ಮುಟ್ಟಬೇಡಿ. ಕಡಿಮೆ ಬೆಲೆಯ ಫೋನುಗಳಲ್ಲಿ ಆ ಅನುಕೂಲ ಇರುವುದಿಲ್ಲ, ಅಲ್ಲಿ 60 ಹರ್ಟ್ಸ್‌ಗೆ ಇಳಿಸಿದರೆ ಓದುವಾಗಿನ, ಸ್ಕ್ರೋಲ್ ಮಾಡುವಾಗಿನ ಖರ್ಚು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಪರದೆ ಆರಿದ ಮೇಲೂ ಗಡಿಯಾರ ತೋರಿಸುವ ಆಲ್ವೇಸ್-ಆನ್ ಡಿಸ್‌ಪ್ಲೇ ಗಂಟೆಗೆ ಸುಮಾರು ಅರ್ಧದಿಂದ ಒಂದು ಪ್ರತಿಶತ ತಿನ್ನುತ್ತದೆ. ಕಡಿಮೆ ಅನ್ನಿಸಬಹುದು, ಹದಿನೈದು ಗಂಟೆಗೆ ಲೆಕ್ಕ ಹಾಕಿ ನೋಡಿ.

ಪರದೆಯ ಬಹು ದೊಡ್ಡ ವ್ಯರ್ಥ ಇನ್ನೊಂದಿದೆ: ಯೂಟ್ಯೂಬಿನಲ್ಲಿ ತಾಳಮದ್ದಲೆ, ಹರಿಕಥೆ, ಪ್ರವಚನ, ಹಾಡು ಹಾಕಿಕೊಂಡು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಡುವುದು. ಕೇಳುವುದು ಕಿವಿ ಮಾತ್ರ, ಆದರೆ ಪರದೆ ಉರಿಯುತ್ತದೆ, ವಿಡಿಯೊ ಇಳಿಯುತ್ತದೆ, ಚಿಪ್ಪು ಅದನ್ನು ಬಿಡಿಸುತ್ತಲೇ ಇರುತ್ತದೆ. ಮೂರು ಗಂಟೆಯ ಪ್ರಸಂಗಕ್ಕೆ ಶೇ. 20 ಹೋಗುತ್ತದೆ. ಅದೇ ಕಾರ್ಯಕ್ರಮ ಆಡಿಯೊ ರೂಪದಲ್ಲಿದ್ದು ಪರದೆ ಆರಿದ್ದರೆ ಅದರ ಕಾಲುಭಾಗವೂ ಬೇಡ. ಆಕಾಶವಾಣಿಯ ಕನ್ನಡ ಕೇಂದ್ರಗಳು ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಪರದೆ ಆರಿಸಿಯೂ ಕೇಳಿಸುತ್ತವೆ. ಯೂಟ್ಯೂಬಿನಲ್ಲೇ ಕೇಳಬೇಕಿದ್ದರೆ ಗುಣಮಟ್ಟವನ್ನು 144ಪಿ, 240ಪಿಗೆ ಇಳಿಸಿ, ಬ್ರೈಟ್‌ನೆಸ್ ತಳಕ್ಕೆ ತನ್ನಿ.

ಆ್ಯಪ್‌ಗಳು

ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಬ್ಯಾಟರಿ ಯೂಸೇಜ್ ತೆರೆಯಿರಿ. ಮೇಲಿರುವ ಆ್ಯಪ್ಪೇ ಕಳ್ಳ ಅಂದುಕೊಳ್ಳಬೇಡಿ, ನೀವು ಎರಡು ಗಂಟೆ ನೋಡಿದ ಆ್ಯಪ್ ಮೇಲಿರುವುದು ನ್ಯಾಯವೇ. ನೋಡಬೇಕಾದದ್ದು ಹಿನ್ನೆಲೆಯ ಸಮಯ. ಪರದೆಯ ಮೇಲೆ ಮೂರು ನಿಮಿಷ, ಹಿನ್ನೆಲೆಯಲ್ಲಿ ಐದು ಗಂಟೆ ಅಂತ ಯಾವುದಾದರೂ ಶಾಪಿಂಗ್ ಆ್ಯಪ್, ಸುದ್ದಿ ಆ್ಯಪ್ ಇದ್ದರೆ ಅದನ್ನು ಒತ್ತಿ ರಿಸ್ಟ್ರಿಕ್ಟೆಡ್ ಮಾಡಿ. ವಾಟ್ಸ್ಆ್ಯಪ್, ಅಲಾರಂ, ಔಷಧಿ ನೆನಪಿಸುವ ಆ್ಯಪ್‌ಗಳಿಗೆ ಮಾತ್ರ ಹಾಗೆ ಮಾಡಬೇಡಿ, ಸಂದೇಶ ತಡವಾಗುತ್ತದೆ, ಅಲಾರಂ ತಪ್ಪಲೂಬಹುದು.

ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದಲೇ, ಪರದೆ ಆರಿ ಫೋನು ಅಲುಗಾಡದೆ ಇದ್ದರೆ ಎಲ್ಲ ಆ್ಯಪ್‌ಗಳನ್ನು ಒಟ್ಟಿಗೆ ಮಲಗಿಸಿ ಆಗೊಮ್ಮೆ ಈಗೊಮ್ಮೆ ಮಾತ್ರ ಎಬ್ಬಿಸುವ ವ್ಯವಸ್ಥೆ ಇದೆ. ಆದ್ದರಿಂದ ರೀಸೆಂಟ್ಸ್ ಪಟ್ಟಿಯಿಂದ ಆ್ಯಪ್‌ಗಳನ್ನು ತಳ್ಳಿ ಮುಚ್ಚುವುದರಿಂದ ಉಪಯೋಗವಿಲ್ಲ, ನಷ್ಟವೇ ಇದೆ. ಮಲಗಿರುವ ಆ್ಯಪ್ ಮೆಮೊರಿಯಲ್ಲಿ ಸುಮ್ಮನೆ ಇರುತ್ತದೆ. ಅದನ್ನು ಕೊಂದರೆ ಮುಂದಿನ ಸಲ ತಳದಿಂದ ಏಳಿಸಲು ಪ್ರೊಸೆಸರ್ ಹೆಚ್ಚು ದುಡಿಯಬೇಕು. ಬ್ಯಾಟರಿ ಉಳಿಸಲು ಆ್ಯಪ್ ಮುಚ್ಚಬೇಕೇ ಅಂತ 2016ರಲ್ಲಿ ಗ್ರಾಹಕರೊಬ್ಬರು ಕೇಳಿದಾಗ ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಬೇಡ ಅಂತಲೇ ಉತ್ತರಿಸಿದ್ದರು. ಬ್ಯಾಟರಿ ಸೇವರ್, ಕ್ಲೀನರ್, ಬೂಸ್ಟರ್ ಹೆಸರಿನ ಆ್ಯಪ್‌ಗಳು ಮಾಡುವುದೂ ಇದನ್ನೇ, ಜೊತೆಗೆ ಜಾಹೀರಾತು. ತೆಗೆದುಹಾಕಿ.

ವಾಟ್ಸ್ಆ್ಯಪ್‌ನಲ್ಲಿ ಎರಡು ಕೆಲಸ ಮಾಡಿ. ಸ್ಟೋರೇಜ್ ಅಂಡ್ ಡೇಟಾ ಒಳಗೆ ಮೀಡಿಯಾ ಆಟೊ-ಡೌನ್‌ಲೋಡ್‌ನಲ್ಲಿ ಮೊಬೈಲ್ ಡೇಟಾ ಇದ್ದಾಗ ಏನೂ ಇಳಿಯದಂತೆ ಎಲ್ಲ ಗುರುತುಗಳನ್ನೂ ತೆಗೆಯಿರಿ. ಮೂವತ್ತು ಗುಂಪುಗಳ ಶುಭೋದಯದ ವಿಡಿಯೊಗಳು ಇಳಿದರೆ ಸೋರಿಕೆ ಅಲ್ಲಿಂದಲೇ. ಬ್ಯಾಕಪ್ ದಿನಕ್ಕೊಮ್ಮೆ ಇದ್ದರೆ ವಾರಕ್ಕೊಮ್ಮೆ, ವೈಫೈಯಲ್ಲಿ ಮಾತ್ರ ಅಂತ ಇಡಿ. ಪುಟ್ಟ ಪುಟ್ಟ ಸಂದೇಶಗಳು ಪದೇ ಪದೇ ಬರುವುದು ಒಂದು ದೊಡ್ಡ ಫೈಲಿಗಿಂತ ದುಬಾರಿಯಾಗಬಹುದು, ಯಾಕೆಂದರೆ ಪ್ರತಿ ಸಲ ಡೇಟಾ ಬಂದು ಹೋದ ಮೇಲೂ ಮೊಬೈಲ್ ರೇಡಿಯೊ ಹಲವು ಸೆಕೆಂಡು ಎಚ್ಚರವಾಗಿಯೇ ಕಾಯುತ್ತದೆ.

ಲೊಕೇಶನ್ ಪೂರ್ತಿ ಮುಚ್ಚುವ ಅಗತ್ಯವಿಲ್ಲ. ಅನುಮತಿ ಪಟ್ಟಿಯಲ್ಲಿ ಯಾವಾಗಲೂ ಅಂತ ಇರುವ ಆ್ಯಪ್‌ಗಳನ್ನು ಬಳಸುವಾಗ ಮಾತ್ರ ಅಂತ ಬದಲಿಸಿದರೆ ಆಯಿತು. ಬ್ಲೂಟೂತ್, ಎನ್‌ಎಫ್‌ಸಿ, ವೈಬ್ರೇಶನ್, ಕೀಬೋರ್ಡ್ ಸದ್ದು, ವಿಜೆಟ್‌ಗಳು: ಇವನ್ನು ಆಫ್ ಮಾಡಿ ಸಿಗುವುದು ಅಲ್ಪ. ಬೇಕಿದ್ದರೆ ಇರಲಿ.

ಉದ್ದನೆಯ ದಿನ ಮುಂದಿದ್ದರೆ ಬ್ಯಾಟರಿ ಸೇವರ್ ಮೋಡನ್ನು ಬೆಳಗ್ಗೆಯೇ ಹಾಕಿ. ಶೇ. 15ಕ್ಕೆ ಬಂದ ಮೇಲೆ ಹಾಕಿದರೆ ಉಳಿಸಲು ಉಳಿದಿರುವುದೇ ಅಷ್ಟು. ಪವರ್ ಬ್ಯಾಂಕ್ ಒಯ್ಯುವವರು ಒಂದು ಲೆಕ್ಕ ಇಟ್ಟುಕೊಳ್ಳಿ: 10000 ಎಂಎಎಚ್ ಅನ್ನುವುದು 3.7 ವೋಲ್ಟಿನ ಲೆಕ್ಕ, 37 ವ್ಯಾಟ್-ಅವರ್. ವೋಲ್ಟೇಜು ಏರಿಸುವಾಗ, ಕೇಬಲಿನಲ್ಲಿ, ಬಿಸಿಯಲ್ಲಿ ಒಂದಿಷ್ಟು ಹೋಗಿ 5000 ಎಂಎಎಚ್ ಫೋನು ಎರಡು ಸಲ ಅಲ್ಲ, ಸುಮಾರು ಒಂದೂವರೆ ಸಲ ತುಂಬುತ್ತದೆ.

ಬ್ಯಾಟರಿಗೇ ವಯಸ್ಸಾಗಿದ್ದರೆ

ಮೇಲಿನದ್ದೆಲ್ಲ ಮಾಡಿಯೂ ಸಂಜೆಗೆ ಬರದಿದ್ದರೆ, ಅಥವಾ ಶೇ. 25ರಿಂದ ಇದ್ದಕ್ಕಿದ್ದಂತೆ ಸ್ವಿಚ್ ಆಫ್ ಆಗುತ್ತಿದ್ದರೆ, ಬ್ಯಾಟರಿ ಸವೆದಿದೆ. ಲಿಥಿಯಂ ಬ್ಯಾಟರಿಯ ಗ್ರಾಫೈಟ್ ಬದಿಯ ಮೇಲೆ ಒಂದು ತೆಳು ಪದರ ಕಾಲಕ್ರಮೇಣ ದಪ್ಪವಾಗುತ್ತ ಒಳಗಿನ ಲಿಥಿಯಂ ಅನ್ನು ಹಿಡಿದುಹಾಕುತ್ತದೆ. ಶೇಖರಣೆ ಕುಗ್ಗುತ್ತದೆ, ಒಳಗಿನ ರೋಧ ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗ ಒಮ್ಮೆಗೇ ಹೆಚ್ಚು ಕರೆಂಟು ಬೇಕಾದರೆ ವೋಲ್ಟೇಜು ಕುಸಿದು ಫೋನು ಆರುತ್ತದೆ.

ಈ ಸವೆತವನ್ನು ಬೇಗ ತರುವುದು ಬಿಸಿ ಮತ್ತು ತುಂಬಿದ ಸ್ಥಿತಿ, ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ಆ್ಯಪಲ್ ತನ್ನ ಫೋನುಗಳಿಗೆ ಹೇಳಿರುವ ಸುತ್ತಲಿನ ಉಷ್ಣಾಂಶದ ಮೇಲ್ಮಿತಿ 35 ಡಿಗ್ರಿ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಆ ದಿನಗಳಲ್ಲಿ ಫಾಸ್ಟ್ ಚಾರ್ಜಿಂಗ್ ಬೇಡ, ಬೆಳಗಿನ ಜಾವದ ತಂಪಿನಲ್ಲಿ ಚಾರ್ಜ್ ಮಾಡಿ, ಪೌಚ್ ತೆಗೆದಿಡಿ, ದಿಂಬಿನಡಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಬಿಸಿಯಾದ ಫೋನನ್ನು ಫ್ರಿಜ್ಜಿಗೆ ಹಾಕುವವರಿದ್ದಾರೆ. ಒಳಗೆ ತೇವ ಕಟ್ಟಿ ಬೋರ್ಡೇ ಹೋಗುತ್ತದೆ, ಫ್ಯಾನಿನ ಕೆಳಗೆ ಇಟ್ಟರೆ ಸಾಕು. ಫೋನಿನಲ್ಲಿ ಶೇ. 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದು, ಅಷ್ಟರಲ್ಲೇ ನಿಮ್ಮ ದಿನ ಕಳೆಯುತ್ತದೆ ಅಂದರೆ ಅದನ್ನು ಹಾಕಿ. ದಿನ ಕಳೆಯುವುದಿಲ್ಲ ಅಂದರೆ ಶೇ. 100 ಮಾಡಿಕೊಳ್ಳಿ, ಅದಕ್ಕಾಗಿ ಕೊರಗಬೇಡಿ.

ಬ್ಯಾಟರಿಯ ಆಯುಸ್ಸನ್ನು ಸೈಕಲ್‌ಗಳಲ್ಲಿ ಅಳೆಯುತ್ತಾರೆ. ಒಟ್ಟು ಶೇ. 100ರಷ್ಟು ಬಳಕೆ ಒಂದು ಸೈಕಲ್, ದಿನಕ್ಕೆ ಎಷ್ಟು ಸಲ ಚಾರ್ಜರ್ ಚುಚ್ಚಿದಿರಿ ಅನ್ನುವುದಲ್ಲ. ಐಫೋನ್ 14ರವರೆಗಿನ ಮಾದರಿಗಳು 500 ಸೈಕಲ್ ಆದಾಗ, ಐಫೋನ್ 15ರಿಂದ 1000 ಸೈಕಲ್ ಆದಾಗ ಮೂಲ ಶೇಖರಣೆಯ ಶೇ. 80 ಉಳಿಸಿಕೊಳ್ಳುವಂತೆ ರೂಪಿಸಿದ್ದು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸೈಕಲ್ ಆದ ಮೇಲೂ ಶೇ. 80 ಉಳಿಸಿಕೊಂಡಿರಬೇಕು ಅನ್ನುವ ನಿಯಮವಿದೆ. ದಿನಕ್ಕೊಂದು ಸೈಕಲ್ ಅಂತ ಹಿಡಿದರೆ 800-1000 ಸೈಕಲ್‌ಗೆ ಎರಡರಿಂದ ಮೂರು ವರ್ಷ. ಬ್ಯಾಟರಿ ಹೆಲ್ತ್ ಶೇ. 80ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸುವ ಹೊತ್ತು ಬಂದಿದೆ. ಹಿಂಬದಿ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ ಅಂದೇ ಬಳಕೆ ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ.

ಬದಲಿಸುವಾಗ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಮೊದಲ ಆಯ್ಕೆ. ಬೇರೆ ಅಂಗಡಿಯಲ್ಲಿ ಹಾಕಿಸುವುದಾದರೆ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ನೋಡಿ: ಭಾರತೀಯ ಮಾನಕ ಬ್ಯೂರೊದ ಗುರುತು, ಐಎಸ್ 16046 ಅನ್ನುವ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದೇ ಗಾತ್ರದ ಬ್ಯಾಟರಿಯ ಮೇಲೆ ಮೂಲದ್ದಕ್ಕಿಂತ ಸಾವಿರ ಎಂಎಎಚ್ ಹೆಚ್ಚು ಬರೆದಿದ್ದರೆ ಅದನ್ನು ಬೇಡ ಅನ್ನಿ. ಹೊಸದು ಹಾಕಿಸಿದ ಮೇಲೆ ಒಮ್ಮೆ ಶೇ. 5ರವರೆಗೆ ಇಳಿಸಿ, ನಡುವೆ ಬಿಡಿಸದೆ ಶೇ. 100ರವರೆಗೆ ತುಂಬಿ. ಇದರಿಂದ ಬ್ಯಾಟರಿಯ ಶಕ್ತಿ ಹೆಚ್ಚುವುದಿಲ್ಲ, ಪ್ರತಿಶತ ತೋರಿಸುವ ಲೆಕ್ಕ ಸರಿಯಾಗುತ್ತದೆ ಅಷ್ಟೇ. ಆಮೇಲೆ ಆ ಎರಡು ರಾತ್ರಿಯ ಪರೀಕ್ಷೆಯನ್ನು ಮತ್ತೆ ಮಾಡಿ. ಹೊಸ ಬ್ಯಾಟರಿ ಹಾಕಿಯೂ ಏರ್‌ಪ್ಲೇನ್ ಮೋಡ್‌ನಲ್ಲಿ ರಾತ್ರಿಗೆ ಶೇ. 8-10 ಇಳಿಯುತ್ತಿದ್ದು, ಸೇಫ್ ಮೋಡ್‌ನಲ್ಲಿ (ನೀವು ಹಾಕಿಕೊಂಡ ಆ್ಯಪ್‌ಗಳು ನಡೆಯದ ಸ್ಥಿತಿಯಲ್ಲಿ) ಚಾಲೂ ಮಾಡಿದರೂ ಹಾಗೆಯೇ ಆಗುತ್ತಿದ್ದರೆ, ಹಾಕಿದ ಬ್ಯಾಟರಿ ಸರಿಯಿಲ್ಲ ಅಥವಾ ಬೋರ್ಡಿನಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಚೀಟಿಯಲ್ಲಿ ಬರೆದಿಟ್ಟ ಅಂಕಿಗಳನ್ನು ತೋರಿಸಿ, ಸರ್ವಿಸ್ ವಾರಂಟಿ ಮುಗಿಯುವ ಮುಂಚೆಯೇ ಅಂಗಡಿಗೆ ವಾಪಸ್ ಒಯ್ಯಿರಿ.